ತುಕ್ಕು ಹಿಡಿದ ಬೀಡಿನ ಕಾವಲಿಗೆ ಸೋಪು ಹಾಕಬಹುದಾ?

"ಅಟ್ಟದಲ್ಲಿ ಅತ್ತೆಯವರ ಕಾಲದ ಬೀಡಿನ ಕಾವಲಿ ಸಿಕ್ಕಿತು. ಮೈಯೆಲ್ಲ ತುಕ್ಕು. ಸೋಪು ಹಾಕಿದರೆ ಕೆಟ್ಟೇ ಹೋಗುತ್ತದಂತೆ. ಏನು ಮಾಡಲಿ?" ಸಾಗರದ ಕಡೆಯ ಓದುಗರೊಬ್ಬರ ಪ್ರಶ್ನೆ. ಬೀಡು ಅಂದರೆ ಎರಕದ ಕಬ್ಬಿಣ.

ಮಳೆಗಾಲ ಮುಗಿದು ಅಟ್ಟ ಗುಡಿಸುವ ಹೊತ್ತಿಗೆ ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ನಾನೂ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ. ಸೋಪು ಹಾಕಿ.

ಕಾವಲಿ ಮೇಲಿನ ಕಪ್ಪು ಹೊಳಪು ಬರೀ ಜಿಡ್ಡಲ್ಲ. ತೆಳ್ಳಗೆ ಸವರಿದ ಎಣ್ಣೆ ಜೋರು ಶಾಖಕ್ಕೆ ಗಟ್ಟಿಯಾಗಿ, ಕಬ್ಬಿಣವನ್ನು ಕಚ್ಚಿ ಕೂತ ಪದರ ಅದು. ಬಾಗಿಲಿನ ವಾರ್ನಿಷ್ ಇದ್ದ ಹಾಗೆ. ಬಾಗಿಲನ್ನು ಸೋಪು ನೀರಲ್ಲಿ ಒರೆಸಿದರೆ ವಾರ್ನಿಷ್ ಹೋಗುತ್ತದಾ? ಪಾತ್ರೆ ತೊಳೆಯುವ ಲಿಕ್ವಿಡ್ ಹಸಿ ಎಣ್ಣೆಯನ್ನು ಬಿಡಿಸುತ್ತದೆ, ಗಟ್ಟಿಯಾದದ್ದನ್ನಲ್ಲ. ಆ ಪದರವನ್ನು ತಿನ್ನುವುದು ಕಾಸ್ಟಿಕ್ ಸೋಡಾದಂಥ ಜೋರು ಕ್ಷಾರ. ಅದು ಉಳಿದಿರುವ ಒರಟು ಸೋಪಿಗೆ ಹೆದರಿದರೆ ಅರ್ಥವಿದೆ.

"ನಮ್ಮನೆಯಲ್ಲಿ ಸೋಪು ಹಾಕಿದ್ದಕ್ಕೇ ತುಕ್ಕು ಬಂತು" ಅನ್ನುವವರಿದ್ದಾರೆ. ತೊಳೆದ ಮೇಲೆ ಕಾವಲಿ ಎಲ್ಲಿತ್ತು ಅಂತ ಕೇಳಿ. ಬಚ್ಚಲ ಕಟ್ಟೆ ಮೇಲೆ ಕವುಚಿ ಇಟ್ಟಿರುತ್ತಾರೆ. ಅದೂ ಆಷಾಢದಲ್ಲಿ! ಒಲೆ ಮೇಲೆ ಹರವಿದ ಬಟ್ಟೆಯೇ ಒಣಗದ ದಿನಗಳು, ಕಬ್ಬಿಣ ಒಣಗುತ್ತದಾ? ತುಕ್ಕು ಬಂದದ್ದು ನೀರಿನಿಂದ. ತೊಳೆದ ಕೂಡಲೇ ಒರೆಸಿ, ಒಲೆ ಮೇಲಿಟ್ಟು ಒಣಗಿಸಿ.

ಈಗ ನಿಮ್ಮ ಕಾವಲಿ. ಹುಣಸೆಹುಳಿ ನೀರು ಸವರಿ ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಲ್ಲಿ ತಿಕ್ಕಿ. ರಾತ್ರಿಯಿಡೀ ಬಿಡಬೇಡಿ, ಹುಳಿ ಕಬ್ಬಿಣವನ್ನೂ ತಿನ್ನುತ್ತದೆ. ಸೋಪು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಆಮೇಲೆ ಒಣಬಟ್ಟೆಯಲ್ಲಿ ಎಣ್ಣೆ ಕಾಣದಷ್ಟು ಒರೆಸಿ, ಹೊಗೆ ಎದ್ದು, ಅದು ನಿಂತುಹೋಗುವವರೆಗೆ ಕಾಯಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗುತ್ತದೆ. ಕೊಬ್ಬರಿ ಎಣ್ಣೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಸೂರ್ಯಕಾಂತಿ ಎಣ್ಣೆ ವಾಸಿ. ಮೊದಲು ಉದ್ದಿನ ದೋಸೆ ಹೊಯ್ಯಿರಿ. ತೆಳ್ಳೇವು, ಅಂದರೆ ತೆಳ್ಳಗಿನ ಅಕ್ಕಿ ದೋಸೆ, ಆಮೇಲೆ; ಪಳಗದ ಕಾವಲಿಯಿಂದ ಅದು ಏಳುವುದಿಲ್ಲ.

ಕೊಡಲಿ ಬಿದ್ದರೆ ಏನೂ ಆಗುವುದಿಲ್ಲ, ಬೀಡಿನ ಕಾವಲಿ ಬಿದ್ದರೆ ಯಾಕೆ ಒಡೆಯುತ್ತದೆ ಗೊತ್ತಾ? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ನಮ್ಮ ಕಾಡಿನ ಸೌದೆಯ ಇದ್ದಿಲಿನಲ್ಲಿ ಕರಗಿಸುತ್ತಿದ್ದರು. ಹಾಗೆ ಕರಗುವಾಗ ಇದ್ದಿಲಿನ ಇಂಗಾಲ ಕಬ್ಬಿಣದೊಳಗೆ ಸೇರುತ್ತದೆ. ಅದು ಶೇಕಡಾ 2ಕ್ಕಿಂತ ಜಾಸ್ತಿ ಇದ್ದರೆ ಬೀಡು; ಕೊಡಲಿಯ ಉಕ್ಕಿನಲ್ಲಿ ಅದಕ್ಕಿಂತ ಕಡಿಮೆ. ಬೀಡು ಗಟ್ಟಿ, ಆದರೆ ಬಾಗುವುದಿಲ್ಲ. ಕಾದ ಕಾವಲಿಗೆ ಒಮ್ಮೆಲೇ ತಣ್ಣೀರು ಸುರಿದರೂ ಬಿರುಕು ಬಿಡುತ್ತದೆ. ನಮ್ಮಮ್ಮನ ಕಾವಲಿ ಹೋದದ್ದು ಹಾಗೇ, ಒಂದೇ ಒಂದು ಚೊಂಬು ನೀರಿಗೆ.