ಪೈನ್ ನಟ್ಸ್ ತಿಂದ್ಮೇಲೆ ವಾರಗಟ್ಲೆ ಬಾಯಿ ಕಹಿ: ಪೈನ್ ಮೌತ್ ನೋಟ್ಸ್

ಪೈನ್ ನಟ್ಸ್, ಅಂದ್ರೆ ಪೈನ್ ಮರದ ಬೀಜ, ತಿಂದ್ಮೇಲೆ ಬಾಯಿ ಕಹಿ ಆಗೋ ತೊಂದರೆಗೆ ಪೈನ್ ಮೌತ್ ಅಂತಾರೆ. ಫುಡ್ ಸೇಫ್ಟಿ ಓದ್ತಿರೋರೆಲ್ಲ ಇದರಲ್ಲಿ ಮೊದಲು ನೋಡ್ಬೇಕಾಗಿರೋದು ಟೈಮಿಂಗ್. ತಿನ್ನೋವಾಗ ಪೈನ್ ನಟ್ಸ್ ರುಚಿ ಚೆನ್ನಾಗೇ ಇರುತ್ತೆ, ಕಮಟು ವಾಸನೆನೂ ಇರಲ್ಲ, ಸಾಮಾನ್ಯವಾಗಿ 12ರಿಂದ 48 ಗಂಟೆ ಏನೂ ಗೊತ್ತಾಗಲ್ಲ, ಆಮೇಲೆ ಇದ್ದಕ್ಕಿದ್ದಂಗೆ ಏನ್ ತಿಂದ್ರೂ ಕಹಿ, ಲೋಹ ನೆಕ್ಕಿದಂಗೆ. ಕಾಫಿ ಒಂದು ಗುಟುಕು ಕುಡಿದ್ರೂ ನಾಲಿಗೆ ಹಿಂದ್ಗಡೆ ಕಹಿ ಏಳುತ್ತೆ, ಸಿಹಿ ತಿಂದ್ರೆ ಇನ್ನೂ ಜಾಸ್ತಿ ಅಂತಾರೆ ಸುಮಾರು ಜನ. ಕೆಲವರಿಗೆ ನಾಲ್ಕೈದು ದಿನಕ್ಕೆ ಹೋಗುತ್ತೆ, ಕೆಲವರಿಗೆ 2ರಿಂದ 4 ವಾರ.

ಈ ಗ್ಯಾಪ್ ಇರೋದ್ರಿಂದಾನೇ ಜನ ಅವತ್ತಿನ ಊಟನೋ, ನುಂಗ್ತಿರೋ ಮಾತ್ರೆನೋ, ಹಲ್ಲಿನ ತೊಂದರೆನೋ ಅಂದ್ಕೊಂಡು ಹೆದರ್ತಾರೆ. ಅದಕ್ಕೇ ಕೇಸ್ ಹಿಸ್ಟರಿಲಿ "ಇವತ್ತೇನ್ ತಿಂದ್ರಿ" ಅಂತ ಕೇಳಿದ್ರೆ ಸಾಲಲ್ಲ, ನಿನ್ನೆ ಮೊನ್ನೆ ಪೆಸ್ಟೊ (ಪೈನ್ ನಟ್ಸ್ ಹಾಕಿ ರುಬ್ಬೋ ಇಟಾಲಿಯನ್ ಚಟ್ನಿ), ಸಲಾಡ್, ಡ್ರೈಫ್ರೂಟ್ಸ್ ಮಿಕ್ಸ್ ಏನಾದ್ರೂ ತಿಂದ್ರಾ ಅಂತಾನೂ ಕೇಳ್ಬೇಕು. ಬೀಜ ಹಸಿಯಾಗಿ ತಿಂದ್ರೂ ಬರುತ್ತೆ, ಬೇಯಿಸಿದ್ದಕ್ಕೂ ಬರುತ್ತೆ.

2001ರಲ್ಲಿ ಬೆಲ್ಜಿಯಂನಿಂದ ಮೊದಲ ವರದಿ ಬಂತು, 2009ರ ಹೊತ್ತಿಗೆ ಯೂರೋಪ್‌ನಲ್ಲಿ, ಅದ್ರಲ್ಲೂ ಫ್ರಾನ್ಸ್‌ನಲ್ಲಿ, ದೂರುಗಳು ಸಿಕ್ಕಾಪಟ್ಟೆ ಜಾಸ್ತಿ ಆದ್ವು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಿಂದ 2012ರ ನಡುವೆ ಬಂದ 411 ದೂರುಗಳನ್ನ ಪರಿಶೀಲಿಸಿತು. ಮುಖ್ಯ ಅನುಮಾನ ಇರೋದು ಚೀನಾದ ಪೈನಸ್ ಅರ್ಮಾಂಡಿ ಅನ್ನೋ ಪೈನ್ ಜಾತಿಯ ಬೀಜದ ಮೇಲೆ, ಒಳ್ಳೆ ಬೀಜದ ಜೊತೆ ಅದು ಬೆರೆತು ಬಂದಿತ್ತು. ಆದ್ರೆ ಕಹಿ ಮಾಡೋ ರಾಸಾಯನಿಕ ಇದೇ ಅಂತ ಖಚಿತ ಆಗಿಲ್ಲ, ಎಕ್ಸಾಮ್‌ನಲ್ಲಿ ದಯವಿಟ್ಟು ಊಹೆ ಮಾಡಿ ಬರೀಬೇಡಿ.

ನಮ್ಮ ಡ್ರೈಫ್ರೂಟ್ಸ್ ಅಂಗಡಿಲಿ ಸಿಗೋ ಚಿಲ್ಗೋಜಾ ಬೇರೆ ಜಾತಿ, ಪೈನಸ್ ಜೆರಾರ್ಡಿಯಾನಾ, ಹಿಮಾಚಲದ ಕಿನ್ನೌರ್ ಕಡೆ ಬೆಳೆಯುತ್ತೆ. ಉದ್ದಕ್ಕೆ, ಸಣ್ಣಗೆ ಇರುತ್ತೆ. ಅರ್ಮಾಂಡಿ ಗಿಡ್ಡ. ಸಿಪ್ಪೆ ಸುಲಿದು ಮಿಕ್ಸ್ ಮಾಡಿದ್ರೆ ಮಾತ್ರ ಕಣ್ಣಲ್ಲೇ ಜಾತಿ ಹೇಳೋದು ಕಷ್ಟ.

ಇದನ್ನ ಅಲರ್ಜಿ ಜೊತೆ ಕಲಸಿಬಿಡೋದು ನಿಜವಾಗ್ಲೂ ಡೇಂಜರ್. ಪೈನ್ ನಟ್ ಅಲರ್ಜಿ ಇರೋರಿಗೆ ಸಾಮಾನ್ಯವಾಗಿ ತಿಂದ ಸ್ವಲ್ಪ ಹೊತ್ತಲ್ಲೇ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಶುರುವಾಗುತ್ತೆ, ಉಸಿರು ಕಟ್ಟಿದ್ರೆ ಕಾಯೋ ಹಾಗೇ ಇಲ್ಲ, ತಕ್ಷಣ ಎಮರ್ಜೆನ್ಸಿಗೆ ಹೋಗ್ಬೇಕು. ಬರೀ ಕಹಿ ಆಗಿದ್ರೆ ಅದಕ್ಕಂತ ಪಕ್ಕಾ ಔಷಧಿ ಇಲ್ಲ, ತಾನಾಗೇ ಹೋಗುತ್ತೆ, ಆ ಬೀಜ ನಿಲ್ಸಿ, ಪ್ಯಾಕೆಟ್ ಎಸೀಬೇಡಿ, ದೂರು ಕೊಡೋಕೆ ಬ್ಯಾಚ್ ನಂಬರ್ ಬೇಕಾಗುತ್ತೆ. ತಿಂಗಳಾದ್ರೂ ಹೋಗಿಲ್ಲ ಅಂದ್ರೆ ಡಾಕ್ಟರ್‌ಗೆ ತೋರಿಸಿ, ಯಾಕಂದ್ರೆ ಮೆಟ್ರೊನಿಡಜೋಲ್ (ಒಂದು ಆಂಟಿಬಯೋಟಿಕ್) ಥರದ ಮಾತ್ರೆಗಳಿಂದಾನೂ ಬಾಯಿ ಹೀಗೇ ಕೆಡುತ್ತೆ.