ಪದ ಪರಿಚಯ: ದುಗ್ಧಗ್ರಂಥಿ ಡಿಸೆಕ್ಷನ್

ಮಣಿಪಾಲದಲ್ಲೋ ಮಂಗಳೂರಿನಲ್ಲೋ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಶನ್ ಆದವರ ಬಯಾಪ್ಸಿ ವರದಿಯಲ್ಲಿ 2/16 ಎಂಬಂಥ ಲೆಕ್ಕವೊಂದು ಇರುತ್ತದೆ. ತೆಗೆದ ಭಾಗದಲ್ಲಿ 16 ದುಗ್ಧಗ್ರಂಥಿ (ದುಗ್ಧರಸ ಎಂಬ ದೇಹದ ದ್ರವವನ್ನು ಸೋಸುವ ಸಣ್ಣ ಗಂಟು, ಲಿಂಫ್ ನೋಡ್) ಸಿಕ್ಕಿವೆ, ಎರಡರಲ್ಲಿ ಕ್ಯಾನ್ಸರ್ ಇದೆ ಎಂದರ್ಥ. ಮನೆಯವರು ನೋಡುವುದು ಮೇಲಿನ ಅಂಕಿ. ಕೆಳಗಿನದನ್ನೂ ನೋಡಬೇಕು.

ಡಿಸೆಕ್ಷನ್ ಎಂದರೆ ಈ ಗ್ರಂಥಿಗಳನ್ನು ಬಿಡಿಸಿ ತೆಗೆಯುವುದು, ಆದರೆ ಒಂದೊಂದಾಗಿ ಹೆಕ್ಕಿ ಅಲ್ಲ. ಅವು ಕರುಳಿಗೆ ರಕ್ತ ತರುವ ನಾಳದ ಉದ್ದಕ್ಕೂ ಮೆಸೆಂಟರಿಯ (ಕರುಳನ್ನು ಹಿಡಿದಿಡುವ ಪೊರೆಯ ಮಡಿಕೆ) ಕೊಬ್ಬಿನಲ್ಲಿ ಹುದುಗಿರುತ್ತವೆ. ಹಾಗಾಗಿ ಆ ಕೊಬ್ಬನ್ನು ಪೊರೆ ಹರಿಯದಂತೆ ಎಬ್ಬಿಸಿ, ನಾಳವನ್ನು ಬುಡದಲ್ಲಿ ಕಟ್ಟಿ, ಕರುಳಿನ ಜತೆಗೇ ತೆಗೆಯುತ್ತಾರೆ. ಕರುಳಿನ ಪಕ್ಕದ ಗ್ರಂಥಿ ಮಾತ್ರ ತೆಗೆದರೆ ಡಿ1, ನಾಳದ ನಡುವಿನವೂ ಸೇರಿದರೆ ಡಿ2, ಬುಡದವೂ ಬಂದರೆ ಡಿ3. ಪೊರೆ ಹರಿಯದಂತೆ ತೆಗೆಯುವ ಈ ಕ್ರಮವನ್ನು ಗುದನಾಳಕ್ಕೆ ಬ್ರಿಟನ್ನಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದರು. ಕೋಲನ್‌ಗೆ (ಗುದನಾಳದ ಮೇಲಿನ ದೊಡ್ಡ ಕರುಳಿಗೆ) 2009ರಲ್ಲಿ ಜರ್ಮನಿಯ ಸರ್ಜನ್ ಹೋಹೆನ್‌ಬರ್ಗರ್.

ಬುಡಕ್ಕೆ ಹೋದಷ್ಟೂ ಅಪಾಯ ಹೆಚ್ಚು. ಬಲಬದಿಯಲ್ಲಿ ಸುಪೀರಿಯರ್ ಮೆಸೆಂಟರಿಕ್ ಅಭಿಧಮನಿಯ (ಕರುಳಿನಿಂದ ರಕ್ತ ಒಯ್ಯುವ ದೊಡ್ಡ ನಾಳ) ಸಣ್ಣ ಕವಲು ಹರಿದರೂ ರಕ್ತ ಧುಮುಕುತ್ತದೆ. ಎಡಬದಿಯಲ್ಲಿ ನರಗಳಿಗೆ ಪೆಟ್ಟಾದರೆ ಮೂತ್ರ ವಿಸರ್ಜನೆಗೂ ಲೈಂಗಿಕ ಕ್ರಿಯೆಗೂ ತೊಂದರೆ. ಡ್ರೈನ್‌ನಲ್ಲಿ (ಹೊಟ್ಟೆಯಿಂದ ದ್ರವ ಹೊರಬಿಡಲು ಇಟ್ಟ ಕೊಳವೆ) ಹಾಲಿನಂಥ ದ್ರವ ಕಂಡರೆ ದುಗ್ಧರಸ ಸೋರುತ್ತಿದೆ ಎಂದು. ಕೊಬ್ಬು ಕಡಿಮೆ ಮಾಡಿದ ಆಹಾರದಲ್ಲೇ ಹೆಚ್ಚಿನವು ನಿಲ್ಲುತ್ತವೆ.

ಗಡ್ಡೆ ಮೂತ್ರಕೋಶಕ್ಕೋ ಗರ್ಭಕೋಶಕ್ಕೋ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬಾರದು. ಅದು ಬರೀ ಉರಿಯೂತವೋ ಕ್ಯಾನ್ಸರೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಿಡಿಸುವಾಗ ಕ್ಯಾನ್ಸರ್ ಕಣ ಹೊಟ್ಟೆಯೊಳಗೆ ಚೆಲ್ಲಬಹುದು. ಅಂಟಿದ ಭಾಗ ಸಮೇತ ಒಂದೇ ತುಂಡಾಗಿ ತೆಗೆಯುವುದೇ ಸರಿ.

ಇನ್ನು ಉಳಿದದ್ದು ಲ್ಯಾಬಿನ ಕೆಲಸ, ತಾಳ್ಮೆಯದ್ದು. ಫಾರ್ಮಲಿನ್‌ನಲ್ಲಿಟ್ಟ ಕೊಬ್ಬನ್ನು ತೆಳುವಾಗಿ ಸೀಳಿ ಬೆರಳಲ್ಲಿ ತಡವಿ ಹುಡುಕಬೇಕು. 3 ಮಿ.ಮೀ. ಗ್ರಂಥಿಯಲ್ಲೂ ಕ್ಯಾನ್ಸರ್ ಇರುತ್ತದೆ, ಗಾತ್ರ ನೋಡಿ ಬಿಡುವಂತಿಲ್ಲ. ಕನಿಷ್ಠ 12 ಸಿಗಬೇಕೆಂಬುದು ರೂಢಿಯ ಮಟ್ಟ. ಗುದನಾಳಕ್ಕೆ ಮೊದಲೇ ರೇಡಿಯೇಶನ್ ಕೊಟ್ಟಿದ್ದರೆ ಗ್ರಂಥಿಗಳು ಕುಗ್ಗಿ ಸಂಖ್ಯೆ ಇಳಿಯುತ್ತದೆ, ಅದು ಸರ್ಜನ್‌ನ ತಪ್ಪಲ್ಲ.

“ಗಡ್ಡೆ ಪೂರಾ ತೆಗೆದಾಯ್ತಲ್ಲ, ಮತ್ತೆ ಕೀಮೋ ಎಂತಕ್ಕೆ?” ಎಂದು ಕೇಳುವವರು ಬಹಳ. ಉತ್ತರ ಗ್ರಂಥಿಯ ಲೆಕ್ಕದಲ್ಲಿದೆ. 1ರಿಂದ 3 ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ವರದಿಯ ಗುರುತು ಎನ್1, 4 ಅಥವಾ ಹೆಚ್ಚಿದ್ದರೆ ಎನ್2. ದೂರಕ್ಕೆ ಹರಡದಿದ್ದರೂ ಎರಡೂ ಮೂರನೇ ಹಂತವೇ, ಕೋಲನ್ ಆದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಕೀಮೋ. 0/6 ಬಂದರೆ 0/18ರಷ್ಟು ನಿರಾಳವಾಗುವಂತಿಲ್ಲ: ಸಿಗದೆ ಉಳಿದ ಗ್ರಂಥಿಯಲ್ಲಿ ಇದ್ದಿರಬಹುದು. ಎರಡನೇ ಹಂತದಲ್ಲಿ (ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣದಿದ್ದಾಗ) 12ಕ್ಕಿಂತ ಕಡಿಮೆ ಸಿಕ್ಕರೆ ಅದನ್ನೇ ಅಪಾಯದ ಲಕ್ಷಣವೆಂದು ಎಣಿಸಿ ಕೀಮೋ ಬಗ್ಗೆ ಚರ್ಚಿಸುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದದ್ದು ಒಂದುಂಟು: ಉಳಿದ ಕೊಬ್ಬನ್ನು ಇನ್ನೊಮ್ಮೆ ಹುಡುಕಬಹುದೇ? ತುಂಡನ್ನು ಲ್ಯಾಬಿನವರು ವರದಿ ಕೊಟ್ಟ ಕೂಡಲೇ ಬಿಸಾಡುವುದಿಲ್ಲ, ಆದರೆ ತುಂಬಾ ದಿನ ಇಡುವುದೂ ಇಲ್ಲ.