ಲಿಂಕರ್ ಹಿಂತಿರುಗಿ ನೋಡುವುದಿಲ್ಲ

ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಕಳೆದ ಭಾನುವಾರ ಲ್ಯಾಪ್‌ಟಾಪ್ ಸಮೇತ ಮೈಸೂರಿನ ನಮ್ಮ ಮನೆಗೆ ಬಂದ. ವರ್ಗಮೂಲ ಕಂಡುಹಿಡಿಯುವ ಹತ್ತು ಸಾಲಿನ ಸಿ ಪ್ರೋಗ್ರಾಂ ಹಟ ಹಿಡಿದಿತ್ತು.

'ಮಾವ, ನಿನ್ನೆ 16 ಎಂದು ನಾನೇ ಬರೆದಿಟ್ಟಾಗ 4 ಎಂದು ಸರಿಯಾಗಿ ಹೇಳಿತು. ಇವತ್ತು ಸಂಖ್ಯೆಯನ್ನು ಕೀಲಿಮಣೆಯಿಂದ ಪಡೆಯುವಂತೆ ಮಾಡಿದರೆ ಅನ್‌ಡಿಫೈನ್ಡ್ ರೆಫರೆನ್ಸ್ ಎನ್ನುತ್ತಿದೆ. ಮ್ಯಾಥ್ ಹೆಡರ್ ಸೇರಿಸಿದ್ದೇನಲ್ಲ?'

ಸೇರಿಸಿದ್ದ, ನಿಜ. ಆದರೆ ಹೆಡರ್‌ನಲ್ಲಿರುವುದು ಬರೀ ಮಾತು: ಇಂಥ ಹೆಸರಿನ ಫಂಕ್ಷನ್ ಇದೆ, ಒಂದು ಸಂಖ್ಯೆ ಕೊಟ್ಟರೆ ಒಂದು ಸಂಖ್ಯೆ ಕೊಡುತ್ತದೆ ಎಂದಷ್ಟೇ. ನಾವು ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಆ ಮಾತನ್ನು ನಂಬಿ ಮುಂದೆ ಸಾಗುತ್ತದೆ. ಆಮೇಲೆ ಬಂದು ತುಣುಕುಗಳನ್ನೆಲ್ಲ ಜೋಡಿಸಿ ಪ್ರೋಗ್ರಾಂ ಕಟ್ಟುವ ಲಿಂಕರ್‌ಗೆ ಮಾತು ಸಾಲದು, ಸರಕು ಬೇಕು. ವರ್ಗಮೂಲದ ಸರಕು ಇರುವುದು ಲಿಬ್‌ಎಂ ಎಂಬ ಗಣಿತದ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಫಂಕ್ಷನ್ನುಗಳ ಕಟ್ಟಿನಲ್ಲಿ. ಅದನ್ನು ಕರೆಯಲು ಆದೇಶದಲ್ಲಿ 'ಮೈನಸ್ ಎಲ್ ಎಂ' (-lm) ಎಂದು ಬರೆಯಬೇಕು.

ಹುಡುಗ ಬರೆದ. ಮತ್ತೆ ಅದೇ ದೋಷ! ತನ್ನ ಕಡತದ ಹೆಸರಿಗಿಂತ ಮೊದಲೇ ಬರೆದಿದ್ದ.

ದೇವರಾಜ ಮಾರುಕಟ್ಟೆಯಲ್ಲಿ ಒಂದೇ ಸುತ್ತು ಹೊಡೆಯುವ ಗಿರಾಕಿಯನ್ನು ನೆನೆಯಿರಿ. ಚೀಟಿಯಲ್ಲಿ ಇನ್ನೂ ಬಾಳೆಎಲೆ ಇಲ್ಲದಾಗ ಎಲೆ ಅಂಗಡಿಯನ್ನು ದಾಟುತ್ತಾನೆ. ಹೂವಿನ ಸಾಲಿಗೆ ಬಂದ ಮೇಲೆ ಮನೆಯಿಂದ ಫೋನ್: 'ಎಲೆಯೂ ಬೇಕು.' ಆಸಾಮಿ ಹಿಂದಕ್ಕೆ ಹೋಗುವುದಿಲ್ಲ, ಬರಿಗೈಯಲ್ಲಿ ಬಂದು ಸಿಗಲಿಲ್ಲ ಎನ್ನುತ್ತಾನೆ. ಲಿಂಕರ್ ಕೂಡ ಎಡದಿಂದ ಬಲಕ್ಕೆ ನಡೆಯುತ್ತಾ ಆ ಕ್ಷಣಕ್ಕೆ ಬೇಕಾದ್ದನ್ನಷ್ಟೇ ಎತ್ತಿಕೊಳ್ಳುತ್ತದೆ. ಪ್ರೋಗ್ರಾಂ ಒಳಗೇ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿಗಳಿಗೆ ಇದೇ ಕಾನೂನು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ, ಓಡುವಾಗ ಹೊರಗಿನಿಂದ ಕೂಡಿಕೊಳ್ಳುವ ಹಂಚಿಕೆಯ (ಶೇರ್ಡ್) ಲೈಬ್ರರಿಗಳಿಗೂ ಅದೇ ಪಾಡು. ಹಾಗಾಗಿ ಬೇಡುವವರು ಮೊದಲು, ಕೊಡುವವರು ಕೊನೆಗೆ. ಇಷ್ಟು ಸಣ್ಣ ವಿಷಯವನ್ನು ಆ ದೋಷಸಂದೇಶವೇ ಒಂದು ಸಾಲಿನಲ್ಲಿ ಹೇಳಬಾರದೇ ಎಂದು ನನಗೂ ಅನ್ನಿಸಿದೆ.

'ಕ್ಯಾನಾಟ್ ಫೈಂಡ್' ಎಂದು ಬಂದರೆ ಕಥೆ ಬೇರೆ. ಅಲ್ಲಿ ಅಂಗಡಿಯೇ ಸಿಕ್ಕಿಲ್ಲ. ಲೈಬ್ರರಿ ಬೇರೆ ಫೋಲ್ಡರ್‌ನಲ್ಲಿದ್ದರೆ ದೊಡ್ಡಕ್ಷರದ 'ಮೈನಸ್ ಎಲ್' (-L) ಹಾಕಿ ದಾರಿ ತೋರಿಸಬೇಕು. ಲೈಬ್ರರಿ ಕಂಪ್ಯೂಟರಿನಲ್ಲಿದ್ದೂ ಹೀಗಾಗುವುದುಂಟು: ಪ್ರೋಗ್ರಾಂ ಓಡಿಸಲು ಬೇಕಾದ ಕಡತವಷ್ಟೇ ಇದ್ದು, ಕಟ್ಟಲು ಬೇಕಾದ 'ಡೆವ್' ಪ್ಯಾಕೇಜ್ ಇರುವುದಿಲ್ಲ.

ಕಟ್ಟಿದ್ದಾಯಿತು, ಓಡಿಸುವಾಗ ಲೈಬ್ರರಿ ಇಲ್ಲವೆಂದರೆ? ಆಗ ಲಿಂಕರ್ ಪಾತ್ರ ಮುಗಿದಿರುತ್ತದೆ, ಹುಡುಕುತ್ತಿರುವುದು ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ತಂದು ಸೇರಿಸುವ ಲೋಡರ್. 'ಎಲ್‌ಡಿಡಿ' ಆದೇಶ ಕೊಟ್ಟರೆ ಯಾವುದು ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂಬ ಪಟ್ಟಿ ಸಿಗುತ್ತದೆ.

ಹುಡುಗ ಎರಡೂ ಪ್ರೋಗ್ರಾಂಗಳ ಮೇಲೆ ಅದನ್ನು ಓಡಿಸಿದ. ಇವತ್ತಿನದರಲ್ಲಿ ಲಿಬ್‌ಎಂ ಇತ್ತು, ನಿನ್ನೆಯದರಲ್ಲಿ ಇರಲೇ ಇಲ್ಲ. 16ರ ವರ್ಗಮೂಲವನ್ನು ಕಂಪೈಲರ್ ತಾನೇ ಲೆಕ್ಕ ಹಾಕಿ 4 ಎಂದು ಬರೆದಿಟ್ಟು, ಫಂಕ್ಷನ್ನಿನ ಹೆಸರನ್ನೇ ಅಳಿಸಿಹಾಕಿತ್ತು.